ಹಿಂದಿನ ಅಮೆರಿಕಾದಲ್ಲಿ ಹಿಮಗಾಲವೂ ಒಕ್ಕಲು ಜೀವನವೂ

ವರ್ಷದಲ್ಲಿ ನಾಲ್ಕೈದು ತಿಂಗಳು ನೆಲವು ನೇಗಿಲಿಗೆ ಬಗ್ಗದಂತೆ ಗಟ್ಟಿಯಾಗಿ, ಹೊಳೆಕೆರೆಗಳ ನೀರು ಹೆಪ್ಪುಗಟ್ಟಿ, ಹೊಲದಲ್ಲಿ ಹಸುರೆಂಬುದೇ ಕಾಣದಿರುವ ಸೀಮೆಯಲ್ಲಿ ಬೇಸಾಯವು ಹೇಗೆ ನಡೆಯುವುದೆಂಬುದನ್ನು ಬೆಚ್ಚನೆಯ ಸೀಮೆಯ ರೈತರು ಊಹಿಸುವುದು ಕಷ್ಟ. ಮುಸುಕಿನ ಜೋಳವನ್ನು ಇಂದು ಪ್ರಪಂಚದಲ್ಲೆಲ್ಲಾ ಹೆಚ್ಚಾಗಿ ಬೆಳೆಯುವ ದೇಶವು ಅಮೆರಿಕಾ ಸಂಯುಕ್ತ ಸಂಸ್ಥಾನವಾಗಿದೆ. ಆದರೆ ಇದೇ ದೇಶದ ಪೂರ್ವತೀರಕ್ಕೆ ಯೂರೋಪಿನಿಂದ ಬಂದು ನೆಲಸಿದ ಮೊದಲಿನ ಜನರು ಹಿಮಗಾಲದಲ್ಲಿ ಅನ್ನವಿಲ್ಲದೆ, ಸೌದೆಯಿಲ್ಲದೆ, ದನಗಳಿಗೆ ಮೇವಿಲ್ಲದೆ ಸತ್ತರು. ಅವರ ಮಕ್ಕಳೂ ಮೊಮ್ಮಕ್ಕಳೂ ಅದೇ ನೆಲದಲ್ಲಿ ಅದೇ ಚಳಿಯಲ್ಲಿ ಬಾಳಿ ಬದುಕಿದರು. ಚಳಿಯೇನೂ ಕಡಮೆಯಾಗಲಿಲ್ಲ, ಕೂಡಿಡುವ ಕ್ರಮವೂ ಲೆಕ್ಕವೂ ಬಂದವು. ಆ ಕ್ರಮವು ಹೇಗೆ ಬಂದಿತೆಂಬುದನ್ನು ತಿಳಿಯುವುದು ಗ್ರಾಮದ ಮುಖಂಡರಿಗೂ ಜಮೀನ್ದಾರರಿಗೂ ಪ್ರಯೋಜನಕರವಾಗಿರುತ್ತದೆ.

ತಪ್ಪಿದ ಎಣಿಕೆ

ಹದಿನೇಳನೆಯ ಶತಮಾನದ ಆದಿಯಲ್ಲಿ ಇಂಗ್ಲೆಂಡು ಮತ್ತು ಫ್ರಾನ್ಸ್ ದೇಶಗಳಿಂದ ಹೊರಟ ಜನರು ಭೂಪಟವನ್ನು ನೋಡಿ ಒಂದು ಎಣಿಕೆಯನ್ನು ಹಾಕಿಕೊಂಡಿದ್ದರು. ಸಮಭಾಜಕ ವೃತ್ತದಿಂದ ಸಮಾನ ದೂರದಲ್ಲಿರುವ ಸ್ಥಳಗಳಲ್ಲಿ ಶೀತೋಷ್ಣಗಳು ಸಮಾನವಾಗಿರುವುವೆಂದು ಅವರು ನಂಬಿದ್ದರು. ಲಂಡನ್ ಪಟ್ಟಣವು ಉತ್ತರಕ್ಕೆ ಸುಮಾರು ೫೧ ಡಿಗ್ರಿಗಳಲ್ಲಿರುವುದು. ಬಾಸ್ಟನ್ ಪಟ್ಟಣದ ಸ್ಥಳವು ಸುಮಾರು ೪೨ ಡಿಗ್ರಿಗಳಲ್ಲಿ, ಅಂದರೆ ಇಟಲಿ ದೇಶದ ರೋಮ್ ನಗರದ ಸಾಲಿನಲ್ಲಿರುವುದು. ಆದಕಾರಣ ಅಲ್ಲಿ ಚಳಿಯು ಲಂಡನ್ನಿಗಿಂತ ಕಡಮೆಯೆಂದೂ, ದ್ರಾಕ್ಷಿ ಮೊದಲಾದ ಬೆಳೆಗಳು ಸುಲಭವಾಗಿ ಬರುವುವೆಂದೂ ಭಾವಿಸಿದರು.

ಈ ಎಣಿಕೆಯು ಪೂರ್ಣವಾಗಿ ತಪ್ಪಾಯಿತು. ಆ ಅಕ್ಷಾಂಶಗಳಲ್ಲಿ ಗಾಳಿಯು ಬಹುಮಟ್ಟಿಗೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವುದು. ಯೂರೋಪಿನ ಪಶ್ಚಿಮತೀರಕ್ಕೆ ಆ ಗಾಳಿಯು ಸಮುದ್ರದ ಮೇಲೆ ಹಾದು, ನೀರಿನ ಬಿಸುಪನ್ನು ಹೊತ್ತುಕೊಂಡು ಬರುವುದು. ಅಮೆರಿಕಾದ ಪೂರ್ವತೀರಕ್ಕಾದರೋ ಹಿಮದಿಂದ ಮುಚ್ಚಿದ ವಿಶಾಲವಾದ ಭೂಖಂಡವನ್ನು ದಾಟಿ ಶೀತವನ್ನೇ ತರುವುದು. ಇದಲ್ಲದೆ, ಸುಮಾರು ೧೪ನೆಯ ಶತಮಾನದಿಂದ ೧೯ನೆಯ ಶತಮಾನದವರೆಗಿನ ಕಾಲವು ಉತ್ತರಾರ್ಧಗೋಳದ ಅನೇಕ ಭಾಗಗಳಲ್ಲಿ ವಾಡಿಕೆಗಿಂತ ಶೀತವಾಗಿದ್ದಿತೆಂದು ಇಂದಿನ ಶಾಸ್ತ್ರಜ್ಞರು ಗೊತ್ತುಮಾಡಿ, ಅದಕ್ಕೆ ಕಿರು ಹಿಮಯುಗವೆಂದು ಹೆಸರಿಟ್ಟಿರುವರು. ಹೀಗೆ ಜನರು ಬಂದು ಇಳಿದ ಸ್ಥಳವೂ ಬಂದ ಕಾಲವೂ ಎರಡೂ ಕಠಿನವಾಗಿದ್ದವು.

ಮೊದಮೊದಲಿನ ಹಿಮಗಾಲಗಳು

೧೬೦೪ರಲ್ಲಿ ಫ್ರೆಂಚರು ಸೇಂಟ್ ಕ್ರಾಯ್ ಎಂಬ ಚಿಕ್ಕ ನಡುಗಡ್ಡೆಯಲ್ಲಿ ಬಿಡಾರಮಾಡಿದರು. ಈ ಸ್ಥಳವು ಈಗಿನ ಅಮೆರಿಕಾ ಮತ್ತು ಕೆನಡಾ ದೇಶಗಳ ಗಡಿಯಲ್ಲಿರುವ ನದಿಯ ನಡುವೆ ಇದೆ. ಶತ್ರುಗಳಿಂದ ರಕ್ಷಣೆಗೆ ನಡುಗಡ್ಡೆಯೇ ಲೇಸೆಂದು ಅವರು ಅದನ್ನು ಆರಿಸಿಕೊಂಡಿದ್ದರು. ಹಿಮಗಾಲವು ಬಂದಾಗ ನದಿಯಲ್ಲಿ ಮಂಜುಗೆಡ್ಡೆಗಳು ತೇಲಿ ಬಂದು ದೋಣಿಯ ಸಂಚಾರವು ನಿಂತಿತು. ಎದುರು ದಡದಲ್ಲಿದ್ದ ಸೌದೆಯೂ ಒಳ್ಳೆಯ ನೀರೂ ಎಟುಕದಂತಾದವು. ಸೇಬಿನ ಹಣ್ಣಿನ ಮದ್ಯವು ಪೀಪಾಯಿಯಲ್ಲಿಯೇ ಹೆಪ್ಪುಗಟ್ಟಿ, ಅದನ್ನು ಅಳೆದು ಕೊಡುವುದಕ್ಕೆ ಬದಲಾಗಿ ತೂಗಿ ಹಂಚಬೇಕಾಯಿತೆಂದು ಆ ತಂಡದಲ್ಲಿದ್ದ ಶಾಂಪ್ಲೇನ್ ಎಂಬಾತನು ಬರೆದಿಟ್ಟಿರುವನು. ಅಲ್ಲಿದ್ದ ೭೯ ಮಂದಿಯಲ್ಲಿ ೩೫ ಮಂದಿ ಸ್ಕರ್ವಿ ಎಂಬ ರೋಗದಿಂದ ಮೃತರಾದರು.

ಈ ರೋಗದಲ್ಲಿ ಒಸಡುಗಳು ಕೊಳೆತು, ಹಲ್ಲುಗಳು ಸಡಿಲವಾಗಿ, ಕೈಕಾಲುಗಳಲ್ಲಿ ತ್ರಾಣವಿಲ್ಲದೆ ಮನುಷ್ಯನು ಕ್ಷೀಣಿಸುವನು. ಹಸಿಯ ಸೊಪ್ಪು, ತರಕಾರಿ, ಹಣ್ಣುಗಳಲ್ಲಿರುವ ‘ಸಿ’ ಜೀವಸತ್ತ್ವವು ದೊರೆಯದಿರುವುದೇ ಇದಕ್ಕೆ ಕಾರಣವೆಂದು ಈಗ ತಿಳಿದಿದೆ. ಉಪ್ಪುಹಾಕಿದ ಮಾಂಸವನ್ನೂ ಒಣಗಿದ ರೊಟ್ಟಿಯನ್ನೂ ತಿಂದು ಹಿಮಗಾಲವನ್ನು ಕಳೆಯುವವರಿಗೆ ಇದು ತಪ್ಪುತ್ತಿರಲಿಲ್ಲ. ಸೋಜಿಗವೇನೆಂದರೆ, ಇದಕ್ಕೆ ಔಷಧವು ಅದೇ ಕಾಡಿನಲ್ಲಿ ಇದ್ದಿತು. ೧೫೩೫-೩೬ರ ಹಿಮಗಾಲದಲ್ಲಿ ಕಾರ್ಟಿಯೇ ಎಂಬ ಫ್ರೆಂಚ್ ನಾವಿಕನ ಜನರಲ್ಲಿ ೨೫ ಮಂದಿ ಇದೇ ರೋಗದಿಂದ ಸತ್ತಾಗ, ಅಲ್ಲಿನ ಮೂಲನಿವಾಸಿಗಳು ಒಂದು ಮರದ ಎಲೆ ತೊಗಟೆಗಳ ಕಷಾಯವನ್ನು ತೋರಿಸಿಕೊಟ್ಟು ಉಳಿದವರ ಪ್ರಾಣವನ್ನು ಕಾಪಾಡಿದ್ದರು. ಎಪ್ಪತ್ತು ವರ್ಷಗಳಲ್ಲಿ ಫ್ರೆಂಚರಿಗೆ ಆ ಮರದ ಗುರುತು ಮರೆತುಹೋಗಿದ್ದಿತು.

ಇಂಗ್ಲಿಷರ ಅನುಭವವೂ ಇದಕ್ಕಿಂತ ಸುಖಕರವಾಗಿರಲಿಲ್ಲ. ಈಗಿನ ಮೇನ್ ಸಂಸ್ಥಾನದ ತೀರದಲ್ಲಿ ೧೬೦೭ರಲ್ಲಿ ಅವರು ಸ್ಥಾಪಿಸಿದ ಒಂದು ವಸಾಹತು, ಒಂದು ಹಿಮಗಾಲವನ್ನು ಕಂಡ ಮೇಲೆ ೧೬೦೮ರಲ್ಲಿಯೇ ಬರಿದಾಯಿತು. ಅದೇ ೧೬೦೭ರಲ್ಲಿ ದಕ್ಷಿಣಕ್ಕೆ ವರ್ಜೀನಿಯಾ ಸೀಮೆಯಲ್ಲಿ ಸ್ಥಾಪಿತವಾದ ಜೇಮ್ಸ್‌ಟೌನಿನಲ್ಲಿ ೧೬೦೯-೧೦ರ ಹಿಮಗಾಲಕ್ಕೆ ‘ಉಪವಾಸದ ಕಾಲ’ವೆಂದೇ ಹೆಸರಾಯಿತು. ಚಳಿಯೊಂದೇ ಇದಕ್ಕೆ ಕಾರಣವಲ್ಲ. ಹಿಂದಿನ ಕೆಲವು ವರ್ಷಗಳಿಂದ ಅಲ್ಲಿ ಘೋರವಾದ ಅನಾವೃಷ್ಟಿಯಿದ್ದಿತೆಂದು ಹಳೆಯ ಮರಗಳ ವಾರ್ಷಿಕ ಉಂಗುರಗಳ ಪರೀಕ್ಷೆಯಿಂದ ತಿಳಿದುಬಂದಿದೆ. ಮೂಲನಿವಾಸಿಗಳೊಡನೆ ವೈರವು ಬೆಳೆದು ಕೋಟೆಗೆ ಮುತ್ತಿಗೆ ಬಿದ್ದಿದ್ದಿತು. ಸಾಮಗ್ರಿಯನ್ನು ತರುತ್ತಿದ್ದ ಮುಖ್ಯ ಹಡಗು ಬಿರುಗಾಳಿಗೆ ಸಿಕ್ಕಿ ಬರ್ಮುಡಾ ದ್ವೀಪದಲ್ಲಿ ಒಡೆದುಹೋಗಿದ್ದಿತು. ಕೋಟೆಯಲ್ಲಿದ್ದ ನೂರಾರು ಜನರಲ್ಲಿ ವಸಂತ ಕಾಲಕ್ಕೆ ಉಳಿದವರು ಸುಮಾರು ೬೦ ಮಂದಿ ಮಾತ್ರ.

೧೬೨೦ನೆಯ ನವಂಬರಿನಲ್ಲಿ, ಅಂದರೆ ಹಿಮಗಾಲದ ಬಾಗಿಲಲ್ಲಿಯೇ, ಮೇಫ್ಲವರ್ ಎಂಬ ಹಡಗು ೧೦೨ ಪ್ರಯಾಣಿಕರೊಡನೆ ಈಗಿನ ಮ್ಯಾಸಚೂಸೆಟ್ಸ್ ತೀರಕ್ಕೆ ಬಂದಿತು. ಬಿತ್ತುವ ಕಾಲವಿಲ್ಲ, ಮನೆಯಿಲ್ಲ, ಕಣಜವಿಲ್ಲ. ಪ್ಲಿಮತ್ ಎಂಬಲ್ಲಿ ಅವರು ನೆಲೆಯೂರುವಷ್ಟರಲ್ಲಿ ರೋಗವು ಹರಡಿ, ವಸಂತವು ಬರುವ ವೇಳೆಗೆ ಸುಮಾರು ಅರ್ಧದಷ್ಟು ಜನರು ಮಣ್ಣುಗೂಡಿದ್ದರು.

ಮೂಲನಿವಾಸಿಗಳ ಹಗೇವು

ಇಷ್ಟು ಕಷ್ಟದಲ್ಲಿಯೂ ಪ್ಲಿಮತ್ತಿನವರಿಗೆ ಬಿತ್ತನೆಯ ಬೀಜವು ದೊರೆತ ಬಗೆಯು ಗಮನಿಸತಕ್ಕುದು. ತೀರದಲ್ಲಿ ತಿರುಗಾಡುತ್ತಿದ್ದಾಗ ಅವರು ಹೊಸದಾಗಿ ಮುಚ್ಚಿದ್ದ ಮಣ್ಣಿನ ಗುಪ್ಪೆಗಳನ್ನು ಕಂಡು ಅಗೆದರು. ಒಳಗೆ ಬುಟ್ಟಿಗಳಲ್ಲಿ ಮುಸುಕಿನ ಜೋಳವಿದ್ದಿತು. ಅದು ಮೂಲನಿವಾಸಿಗಳು ಹಿಮಗಾಲಕ್ಕೆಂದು ಕೂಡಿಟ್ಟ ಧಾನ್ಯ. ಕರ್ನಾಟಕದ ಬಯಲುಸೀಮೆಯಲ್ಲಿ ಹಿಂದೆ ರಾಗಿ ಜೋಳಗಳನ್ನು ಹಗೇವಿನಲ್ಲಿ ತುಂಬುತ್ತಿದ್ದವರಿಗೆ ಈ ಕ್ರಮವು ಹೊಸದಾಗಿ ತೋರದು. ಬಂದವರು ಆ ಧಾನ್ಯವನ್ನು ಒಡೆಯರನ್ನು ಕೇಳದೆ ಎತ್ತಿಕೊಂಡು ಹೋದರು. ಮುಂದಿನ ವರ್ಷ ಅದೇ ಅವರಿಗೆ ಬೀಜವಾಯಿತು. ೧೬೨೧ರ ವಸಂತದಲ್ಲಿ ಟಿಸ್ಕ್ವಾಂಟಮ್ ಎಂಬ ಮೂಲನಿವಾಸಿಯು ಆ ಬೀಜವನ್ನು ಬಿತ್ತುವ ವಿಧಾನವನ್ನೂ, ಗುಣಿಗೆ ಮೀನನ್ನು ಗೊಬ್ಬರವಾಗಿ ಹಾಕುವುದನ್ನೂ ಅವರಿಗೆ ಕಲಿಸಿದನು.

ಮುಸುಕಿನ ಜೋಳ, ಕುಂಬಳದ ಜಾತಿಗಳು, ಹುರುಳಿಕಾಯಿ, ಇವುಗಳನ್ನು ಮೂಲನಿವಾಸಿಗಳು ಒಂದೇ ಹೊಲದಲ್ಲಿ ಕೂಡಿ ಬೆಳೆಯುತ್ತಿದ್ದರು. ಮೂರೂ ಒಣಗಿಸಿಟ್ಟರೆ ಹಿಮಗಾಲಕ್ಕೆ ಒದಗತಕ್ಕವು. ಚಳಿಯು ಹೆಚ್ಚಾದಾಗ ಅವರು ತೀರವನ್ನು ಬಿಟ್ಟು, ಗಾಳಿಯ ಹೊಡೆತವಿಲ್ಲದ ಕಣಿವೆಗಳಿಗೆ ಬಿಡಾರವನ್ನು ಬದಲಾಯಿಸಿ ಬೇಟೆಯಿಂದ ಜೀವಿಸುತ್ತಿದ್ದರು. ಹಿಮದಲ್ಲಿ ಕಾಲು ಹೂಳದಂತೆ ನಡೆಯಲು ಚರ್ಮದ ಹುರಿಯಿಂದ ಹೆಣೆದ ಅಗಲವಾದ ಮೆಟ್ಟುಗಳನ್ನು ಬಳಸುತ್ತಿದ್ದರು. ಹಿಮಗಾಲದ ಕೊನೆಯಲ್ಲಿ ಮೇಪಲ್ ಎಂಬ ಮರಕ್ಕೆ ಕಚ್ಚುಹಾಕಿ ರಸವನ್ನು ಇಳಿಸಿ, ಕಾಯಿಸಿ ಸಕ್ಕರೆಮಾಡುವುದನ್ನೂ ಬಲ್ಲವರಾಗಿದ್ದರು. ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ಕೆಲವು ವಾರಗಳಲ್ಲಿ ಮಾತ್ರ ಆ ರಸವು ಚೆನ್ನಾಗಿ ಹರಿಯುವುದು. ಸುಮಾರು ೪೦ ಪಾಲು ರಸವನ್ನು ಕಾಯಿಸಿದರೆ ಒಂದು ಪಾಲು ಪಾಕವಾಗುವುದು. ಬಂದ ರೈತರು ಈ ವಿದ್ಯೆಗಳನ್ನೆಲ್ಲಾ ಒಂದೊಂದಾಗಿ ಕಲಿತರು. ಆದರೆ ಮೂಲನಿವಾಸಿಗಳಿಂದ ಕಲಿಯಲಾಗದ ಒಂದು ವಿಷಯವಿದ್ದಿತು. ಅವರಿಗೆ ದನಕರುಗಳೇ ಇರಲಿಲ್ಲ. ಆದುದರಿಂದ ಮೇವಿನ ಚಿಂತೆಯೂ ಇರಲಿಲ್ಲ.

ಮೇವಿನ ಲೆಕ್ಕ

ಪ್ಲಿಮತ್ತಿಗೆ ಮೊದಲ ದನಗಳು ಬಂದುದು ೧೬೨೪ರಲ್ಲಿ: ಮೂರು ಕಡಸುಗಳು, ಒಂದು ಗೂಳಿ. ಅನಂತರ ದನಗಳ ಸಂಖ್ಯೆಯು ಬೇಗನೆ ಬೆಳೆಯಿತು. ಇಂಗ್ಲೆಂಡಿನಲ್ಲಿ ಹಿಮಗಾಲವು ಮೃದುವಾದುದರಿಂದ ದನಗಳನ್ನು ಬಹುಕಾಲ ಹೊರಗೇ ಬಿಡುವ ವಾಡಿಕೆಯಿದ್ದಿತು. ಅದೇ ವಾಡಿಕೆಯನ್ನು ಇಲ್ಲಿಯೂ ಅನುಸರಿಸಿದವರು ನಷ್ಟಪಟ್ಟರು. ೧೬೩೫ರಲ್ಲಿ ಮ್ಯಾಸಚೂಸೆಟ್ಸಿನಿಂದ ಕನೆಟಿಕಟ್ ನದಿಯ ಕಣಿವೆಗೆ ಹೊಸ ನೆಲವನ್ನರಸಿ ಹೋದವರು ಮೇವನ್ನು ಕೂಡಿಡುವ ಮೊದಲೇ ನದಿಯು ಹೆಪ್ಪುಗಟ್ಟಿತು. ಸಾಮಗ್ರಿಯ ಹಡಗುಗಳು ತಲಪಲಿಲ್ಲ. ದನಗಳು ಬಹಳವಾಗಿ ಸತ್ತವು. ಕೆಲವರು ಓಕ್ ಮರದ ಕಾಯಿಗಳನ್ನು ತಿಂದು ಜೀವವನ್ನು ಹಿಡಿದುಕೊಂಡರು.

ಇಂತಹ ಪೆಟ್ಟುಗಳಿಂದ ರೈತರು ಲೆಕ್ಕಹಾಕುವುದನ್ನು ಕಲಿತರು. ಒಂದು ಹಸುವಿಗೆ ದಿನಕ್ಕೆ ೨೦ ಪೌಂಡು ಒಣಹುಲ್ಲಿನಂತೆ ಹಿಡಿದರೂ, ಕೊಟ್ಟಿಗೆಯಲ್ಲಿ ಕಟ್ಟಿ ಮೇಯಿಸುವ ೧೫೦ ದಿನಗಳಿಗೆ ೩೦೦೦ ಪೌಂಡು ಬೇಕಾಗುವುದು. ಬಣವೆಯನ್ನು ಅಳೆದು, ಅದು ಎಷ್ಟು ತಲೆಗಳಿಗೆ ಸಾಕಾಗುವುದೆಂದು ಶರತ್ಕಾಲದಲ್ಲಿಯೇ ಗೊತ್ತುಮಾಡಿ, ಹೆಚ್ಚಾದ ದನ ಹಂದಿಗಳನ್ನು ಚಳಿಯ ಆರಂಭದಲ್ಲಿ ಮಾರುವುದು ಅಥವಾ ಕಡಿದು ಮಾಂಸಕ್ಕೆ ಉಪ್ಪುಹಾಕಿ ಇಡುವುದು ವಾಡಿಕೆಯಾಯಿತು. ಕಡಿದ ಪ್ರಾಣಿಯ ಕೊಬ್ಬಿನಿಂದ ಮೇಣದ ಬತ್ತಿಯಂತಹ ದೀಪಗಳನ್ನೂ ಸಾಬೂನನ್ನೂ ಮನೆಯ ಹೆಂಗಸರು ತಯಾರಿಸುತ್ತಿದ್ದರು.

ಆ ಸೀಮೆಯ ರೈತರಲ್ಲಿ ಒಂದು ಗಾದೆ ಮಾತು ರೂಢಿಯಲ್ಲಿದ್ದಿತು. ಫೆಬ್ರವರಿ ೨ನೆಯ ತಾರೀಖಿನಲ್ಲಿ ಕ್ಯಾಂಡಲ್‌ಮಸ್ ಎಂಬ ಕ್ರೈಸ್ತರ ಹಬ್ಬವು ಬರುವುದು. ಆ ದಿನ ರೈತನ ಬಣವೆಯಲ್ಲಿ ಅರ್ಧ ಹುಲ್ಲೂ, ಒಟ್ಟಿಲಿನಲ್ಲಿ ಅರ್ಧ ಸೌದೆಯೂ ಉಳಿದಿರಬೇಕೆಂಬುದೇ ಅದರ ತಾತ್ಪರ್ಯ. ಹಗಲು ಉದ್ದವಾಗುತ್ತ ಬಂದಿರುವುದನ್ನು ಕಂಡು ಚಳಿಯು ಮುಗಿಯಿತೆಂದು ಭಾವಿಸಿ ಕೈಸಡಿಲಿಸುವವನು ಮಾರ್ಚಿ ತಿಂಗಳಲ್ಲಿ ಕೆಡುವನು. ಮುಗಿಲನ್ನು ನೋಡಿ ಅಂದಾಜುಮಾಡುವುದಕ್ಕಿಂತ ಬಣವೆಯನ್ನು ಅಳೆದು ನೋಡುವುದು ಮೇಲೆಂಬುದನ್ನು ಇಷ್ಟು ಚಿಕ್ಕದಾಗಿ ಹೇಳಿದ ಮಾತು ವಿರಳ.

ಮೇವಿನ ಮೂಲಗಳನ್ನು ಹೆಚ್ಚಿಸಲು ಮಾಡಿದ ಪ್ರಯತ್ನಗಳೂ ಹಲವು. ಸಮುದ್ರದ ಉಬ್ಬರವು ಏರಿ ಇಳಿಯುವ ಚೌಳುನೆಲದಲ್ಲಿ ತಾನಾಗಿ ಬೆಳೆಯುವ ಹುಲ್ಲನ್ನು ಬೇಸಗೆಯ ಕೊನೆಯಲ್ಲಿ ಕೊಯ್ದು, ನೀರು ತಗಲದಂತೆ ಗೂಟಗಳ ಮೇಲೆ ಬಣವೆಯೊಟ್ಟುತ್ತಿದ್ದರು. ಆ ಕೆಸರಿನಲ್ಲಿ ಗಾಡಿಯು ಹೋಗಲಾರದು. ಚಳಿಗೆ ಕೆಸರು ಗಟ್ಟಿಯಾದ ಮೇಲೆ ಜಾರುಬಂಡಿಯಲ್ಲಿ ಹುಲ್ಲನ್ನು ಮನೆಗೆ ಸಾಗಿಸುತ್ತಿದ್ದರು. ಕನೆಟಿಕಟ್ಟಿನ ಕಿಲ್ಲಿಂಗ್‌ವರ್ತ್ ಎಂಬ ಊರಿನಲ್ಲಿ ಪಾದ್ರಿಯೂ ವೈದ್ಯನೂ ಆಗಿದ್ದ ಜೇರೆಡ್ ಎಲಿಯಟ್ ಎಂಬಾತನು ೧೭೪೮ರಿಂದ ಬೇಸಾಯದ ಮೇಲೆ ಪ್ರಬಂಧಗಳನ್ನು ಪ್ರಕಟಿಸಿದನು. ದನಗಳು ಹುಲ್ಲುಗಾವಲಿನ ಶಕ್ತಿಯನ್ನು ಮೀರಿ ಬೆಳೆದಿರುವುದೇ ದೇಶದ ಕೊರತೆಯೆಂದು ಆತನು ತೋರಿಸಿದನು. ಜೌಗನ್ನು ಬಸಿದು ಹುಲ್ಲಿನ ನೆಲವನ್ನಾಗಿ ಮಾಡುವುದನ್ನೂ, ಕೆಂಪು ಕ್ಲೋವರ್ ಎಂಬ ಮೇವಿನ ಬೆಳೆಯನ್ನು ಬಿತ್ತುವುದನ್ನೂ ತಾನೇ ಮಾಡಿ ನೋಡಿ ಬರೆದನು. ಕ್ಲೋವರ್ ದ್ವಿದಳ ಜಾತಿಯದಾದುದರಿಂದ ಮೇವನ್ನು ಕೊಡುವುದಲ್ಲದೆ ನೆಲದ ಸಾರವನ್ನೂ ಹೆಚ್ಚಿಸುವುದು. ದನಗಳನ್ನು ಮಾಡಿನ ಕೆಳಗೆ ಕಟ್ಟಿ, ಅಟ್ಟದ ಮೇಲೆ ಹುಲ್ಲನ್ನು ತುಂಬುವ ದೊಡ್ಡ ಕೊಟ್ಟಿಗೆಗಳಲ್ಲಿ ಹಿಮಗಾಲವೆಲ್ಲಾ ಕೂಡಿದ ಸಗಣಿಯು ವಸಂತದಲ್ಲಿ ಹೊಲಕ್ಕೆ ಹೋಗುತ್ತಿದ್ದಿತು.

ಸೌದೆಯ ಲೆಕ್ಕ

ಮನುಷ್ಯರಿಗೆ ಬೆಂಕಿಯೇ ಪ್ರಾಣವಾಗಿದ್ದಿತು. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲ, ನಾಲ್ಕು ಅಡಿ ಎತ್ತರದ ಒಟ್ಟಿಲಿಗೆ ಒಂದು ಕಾರ್ಡ್ ಎಂದು ಹೆಸರು. ಅದು ೧೨೮ ಘನ ಅಡಿ. ನ್ಯೂ ಇಂಗ್ಲೆಂಡ್ ಎಂಬ ಈಶಾನ್ಯ ಸೀಮೆಯ ಒಂದು ಸಂಸಾರಕ್ಕೆ ವರ್ಷಕ್ಕೆ ೩೦ರಿಂದ ೪೦ ಕಾರ್ಡ್ ಸೌದೆ ಬೇಕಾಗುತ್ತಿದ್ದಿತು. ಇದಕ್ಕಾಗಿ ಪ್ರತಿವರ್ಷವೂ ಒಂದು ಎಕರೆಗಿಂತ ಹೆಚ್ಚು ಕಾಡು ಬೀಳಬೇಕು. ಊರಿನ ಪಾದ್ರಿಗೆ ಕೊಡುವ ಸಂಬಳದಲ್ಲಿ ಇಷ್ಟು ಕಾರ್ಡ್ ಸೌದೆಯೆಂದು ಸೇರಿಸುವ ಪದ್ಧತಿಯಿದ್ದಿತು.

ಇಷ್ಟು ಸುಟ್ಟರೂ ಮನೆಯು ಬೆಚ್ಚಗಾಗುತ್ತಿರಲಿಲ್ಲ. ಅಗಲವಾದ ಒಲೆಯ ಶಾಖದಲ್ಲಿ ಹೆಚ್ಚು ಭಾಗವು ಹೊಗೆಗೂಡಿನ ಮೂಲಕ ಹೊರಗೆ ಹೋಗುತ್ತಿದ್ದಿತು. ಬಾಸ್ಟನ್ನಿನ ನ್ಯಾಯಾಧೀಶ ಸ್ಯಾಮ್ಯುಯೆಲ್ ಸೀವಾಲನು ೧೭೧೬ರ ಜನವರಿಯಲ್ಲಿ, ಬೆಂಕಿಯ ಬಳಿ ಕುಳಿತಿದ್ದರೂ ಮಸಿಯು ಹೆಪ್ಪುಗಟ್ಟುತ್ತಿರುವುದಾಗಿಯೂ, ಪ್ರಾರ್ಥನಾಮಂದಿರದಲ್ಲಿ ಪ್ರಸಾದದ ರೊಟ್ಟಿಯು ಕಲ್ಲಾಗಿದ್ದುದಾಗಿಯೂ ದಿನಚರಿಯಲ್ಲಿ ಬರೆದನು. ಮನೆಯವರೆಲ್ಲರೂ ಒಲೆಯಿರುವ ಒಂದೇ ಕೋಣೆಯಲ್ಲಿ ಉಣ್ಣುವುದು, ನೂಲುವುದು, ಹೊಲಿಯುವುದು. ಮಲಗುವ ಮೊದಲು ಕೆಂಡವನ್ನು ತುಂಬಿದ ಮುಚ್ಚಳದ ತಟ್ಟೆಯನ್ನು ಹಾಸಿಗೆಯಲ್ಲಿ ಆಡಿಸಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಹಗಲಿರುಳೂ ಉರಿಯುವ ಒಲೆಯಿಂದ ಬೆಂಕಿಯ ಅಪಾಯವೂ ಬಹಳ. ಆದಕಾರಣ ಬಾಸ್ಟನ್ನಿನಲ್ಲಿ ಹುಲ್ಲಿನ ಮಾಡುಗಳನ್ನೂ ಮರದ ಹೊಗೆಗೂಡುಗಳನ್ನೂ ೧೬೩೧ರಲ್ಲಿಯೇ ನಿಷೇಧಿಸಿದರು.

ಕೊಡಲಿಯು ನೂರು ವರ್ಷ ಹೀಗೆ ನಡೆದ ಮೇಲೆ ಪಟ್ಟಣಗಳ ಸುತ್ತಲಿನ ಕಾಡು ತೀರಿತು. ಹಿಂದೆ ಬಾಗಿಲಲ್ಲಿಯೇ ದೊರೆಯುತ್ತಿದ್ದ ಸೌದೆಯನ್ನು ಕೆಲವು ಪಟ್ಟಣಗಳಿಗೆ ಸುಮಾರು ನೂರು ಮೈಲಿಗಳಿಂದ ತರಬೇಕಾಗಿದೆಯೆಂದು ೧೭೪೪ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಎಂಬ ಪ್ರಸಿದ್ಧ ಪುರುಷನು ಬರೆದನು. ಕಡಮೆ ಸೌದೆಯಿಂದ ಹೆಚ್ಚು ಶಾಖವನ್ನು ಕೊಡುವಂತೆ ತಾನು ಕಲ್ಪಿಸಿದ ಕಬ್ಬಿಣದ ಒಲೆಯನ್ನು ವಿವರಿಸಲು ಆ ಪುಸ್ತಿಕೆಯನ್ನು ಬರೆದನು. ಕಾಡನ್ನು ಲೆಕ್ಕವಿಲ್ಲದೆ ಕಡಿದವರಿಗೆ ಒಲೆಯನ್ನು ಲೆಕ್ಕದಿಂದ ಕಟ್ಟುವುದು ಅನಿವಾರ್ಯವಾಯಿತು.

೧೭೧೭ರ ಮಹಾಹಿಮ

ಎಷ್ಟು ಎಚ್ಚರಿಕೆಯಿದ್ದರೂ ಮಾನವನ ಕೈಮೀರಿದ ವರ್ಷಗಳು ಬರುತ್ತಿದ್ದವು. ೧೭೧೭ನೆಯ ಫೆಬ್ರವರಿಯ ಕೊನೆಯಿಂದ ಮಾರ್ಚಿಯ ಮೊದಲ ವಾರದವರೆಗೆ ನ್ಯೂ ಇಂಗ್ಲೆಂಡಿನಲ್ಲಿ ಒಂದರಮೇಲೊಂದು ಹಿಮದ ಬಿರುಗಾಳಿಗಳು ಎದ್ದವು. ಗಾಳಿಯು ಒಟ್ಟಿದ ಹಿಮದ ರಾಶಿಗಳು ಕೆಲವೆಡೆ ಮಾಳಿಗೆಯ ಕಿಟಕಿಗಳನ್ನು ಮುಟ್ಟಿದವು. ಜನರು ಆ ಕಿಟಕಿಗಳಿಂದಲೇ ಹೊರಗೆ ಬಂದರು. ಅಂಚೆಯವರು ಕುದುರೆಗಳನ್ನು ಬಿಟ್ಟು ಹಿಮದ ಮೆಟ್ಟುಗಳಲ್ಲಿ ನಡೆದರು. ಫಿಷರ್ಸ್ ದ್ವೀಪದಲ್ಲಿ ಕುರಿಮಂದೆಗಳು ಹೂತುಹೋದವು. ೨೮ ದಿನಗಳ ತರುವಾಯ ಹಿಮವನ್ನು ಅಗೆದಾಗ ಸುಮಾರು ನೂರು ಕುರಿಗಳ ಹೆಣಗಳ ನಡುವೆ ಎರಡು ಜೀವದಿಂದಿದ್ದವೆಂದೂ, ಅವು ಸತ್ತ ಕುರಿಗಳ ಉಣ್ಣೆಯನ್ನು ತಿಂದು ಉಳಿದಿದ್ದವೆಂದೂ ಕಾಟನ್ ಮ್ಯಾದರ್ ಎಂಬ ಪಾದ್ರಿಯು ವರದಿಮಾಡಿರುವನು. ಮಹಾಹಿಮವು ಬಂದುದು ಗಾದೆಯಲ್ಲಿ ಹೇಳಿದ ದಿನ ಕಳೆದು ಮೂರು ವಾರಗಳಿಗೂ ಮೇಲೆಂಬುದನ್ನು ವಾಚಕರು ಗಮನಿಸಬೇಕು.

ಹಿಮದ ಪ್ರಯೋಜನ

ಹಿಮವು ಕೇಡನ್ನು ಮಾತ್ರ ತರುತ್ತಿರಲಿಲ್ಲ. ಕೆಸರೂ ಮರದ ಬೊಡ್ಡೆಗಳೂ ತುಂಬಿದ ಹಾದಿಗಳಲ್ಲಿ ಬೇಸಗೆಯಲ್ಲಿ ಎಳೆಯಲಾಗದ ಭಾರವನ್ನು ಹಿಮದ ಮೇಲೆ ಜಾರುಬಂಡಿಯು ಸುಲಭವಾಗಿ ಸಾಗಿಸುತ್ತಿದ್ದಿತು. ದಿಮ್ಮಿಗಳನ್ನು ಕಾಡಿನಿಂದ ಇಳಿಸುವುದು, ಧಾನ್ಯವನ್ನೂ ಮಾಂಸವನ್ನೂ ಪೇಟೆಗೆ ಒಯ್ಯುವುದು, ನೆಂಟರ ಮನೆಗೆ ಹೋಗುವುದು, ಇವೆಲ್ಲಕ್ಕೂ ಹಿಮಗಾಲವೇ ಅನುಕೂಲ. ೧೭೭೫-೭೬ರ ಹಿಮಗಾಲದಲ್ಲಿ ಹೆನ್ರಿ ನಾಕ್ಸ್ ಎಂಬ ಅಧಿಕಾರಿಯು ಸುಮಾರು ೬೦ ಫಿರಂಗಿಗಳನ್ನು ಎತ್ತು ಕುದುರೆಗಳ ಜಾರುಬಂಡಿಗಳಲ್ಲಿ ಸುಮಾರು ೩೦೦ ಮೈಲಿ ದೂರ ಸಾಗಿಸಿದುದು ಹೀಗೆಯೇ.

ದೊಡ್ಡ ಹಿಮವು ಬಿದ್ದಾಗ ಹಾದಿಯನ್ನು ಬಿಡಿಸುವುದು ಊರೊಟ್ಟಿನ ಕೆಲಸವಾಗಿದ್ದಿತು. ಮೊದಲ ಮನೆಯವನು ತನ್ನ ಎತ್ತುಗಳನ್ನು ಹೂಡಿ ನೆರೆಮನೆಯವರೆಗೆ ಹಿಮವನ್ನು ಸೀಳಿಕೊಂಡು ಹೋಗುವನು. ನೆರೆಯವನ ಎತ್ತುಗಳು ಅಲ್ಲಿ ಸೇರುವುವು. ಹೀಗೆ ಜೋಡಿಗಳು ಬೆಳೆಯುತ್ತ ಹಾದಿಯು ಊರ ತುದಿಯವರೆಗೂ ತೆರೆಯುತ್ತಿದ್ದಿತು. ಹೊಲದ ಕೆಲಸವಿಲ್ಲದ ಆ ತಿಂಗಳುಗಳಲ್ಲಿ ಕೊಟ್ಟಿಗೆಯಲ್ಲಿ ಕಾಳು ಬಡಿಯುವುದು, ಉಪಕರಣಗಳನ್ನು ಸರಿಪಡಿಸುವುದು, ಪೀಪಾಯಿಯ ಹಲಗೆಗಳನ್ನು ಕೆತ್ತುವುದು ನಡೆಯುತ್ತಿದ್ದವು. ದೊಡ್ಡ ಹುಡುಗರು ಶಾಲೆಗೆ ಹೋಗುತ್ತಿದ್ದುದೂ ಹಿಮಗಾಲದಲ್ಲಿಯೇ.

ಸೈನ್ಯದ ಹಸಿವೂ ರೈತರ ಕಣಜವೂ

೧೭೭೯-೮೦ರ ಹಿಮಗಾಲವು ಸ್ವಾತಂತ್ರ್ಯ ಯುದ್ಧದ ನಡುವೆ ಬಂದಿತು. ನ್ಯೂಯಾರ್ಕ್ ಬಂದರಿನ ಉಪ್ಪುನೀರೂ ಹೆಪ್ಪುಗಟ್ಟಿ, ಬ್ರಿಟಿಷರು ಅದರ ಮೇಲೆ ಫಿರಂಗಿಗಳನ್ನು ಎಳೆದುಕೊಂಡು ಹೋದರು. ಜನರಲ್ ವಾಷಿಂಗ್ಟನ್ನನ ಸೈನ್ಯವು ನ್ಯೂಜರ್ಸಿಯ ಮಾರಿಸ್‌ಟೌನ್ ಬಳಿ ಸಾವಿರಕ್ಕೂ ಹೆಚ್ಚು ದಿಮ್ಮಿಯ ಗುಡಿಸಲುಗಳನ್ನು ಕಟ್ಟಿಕೊಂಡು ಇಳಿದಿದ್ದಿತು. ಹಾದಿಗಳು ಹೂತುಹೋಗಿ ಆಹಾರವು ಬರುವುದು ನಿಂತಿತು. ಮರದ ತೊಗಟೆಯನ್ನೂ ಹಳೆಯ ಪಾದರಕ್ಷೆಗಳನ್ನೂ ತಿಂದುದನ್ನು ಒಬ್ಬ ಸಿಪಾಯಿಯು ಬರೆದಿಟ್ಟಿರುವನು. ೧೭೮೦ರ ಜನವರಿಯಲ್ಲಿ ವಾಷಿಂಗ್ಟನ್ನನು ನ್ಯೂಜರ್ಸಿಯ ಪ್ರತಿಯೊಂದು ಜಿಲ್ಲೆಗೂ ಇಷ್ಟು ದನ, ಇಷ್ಟು ಧಾನ್ಯವೆಂದು ಗೊತ್ತುಮಾಡಿ, ಸ್ಥಳೀಯ ಅಧಿಕಾರಿಗಳ ಮೂಲಕ ಕೇಳಿಸಿದನು. ಜಿಲ್ಲೆಗಳವರು ಒದಗಿಸಿಕೊಟ್ಟರು, ಸೈನ್ಯವು ಚದುರದೆ ಉಳಿಯಿತು. ಆ ಜನವರಿಯಲ್ಲಿ ರೈತರ ಕಣಜಗಳು ಬರಿದಾಗಿದ್ದಿದ್ದರೆ ಯಾವ ಆಜ್ಞೆಯಿಂದಲೂ ಧಾನ್ಯವು ಹುಟ್ಟುತ್ತಿರಲಿಲ್ಲ.

ಮಂಜುಗೆಡ್ಡೆಯ ಬೆಳೆ

ಕೊನೆಗೆ ಹಿಮಗಾಲವೇ ಒಂದು ಬೆಳೆಯಾಯಿತು. ೧೮೦೬ರಲ್ಲಿ ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಎಂಬ ವರ್ತಕನು ಕೊಳದ ಮಂಜುಗೆಡ್ಡೆಯನ್ನು ಹಡಗಿನಲ್ಲಿ ಮಾರ್ಟಿನೀಕ್ ದ್ವೀಪಕ್ಕೆ ಕಳುಹಿಸಿದನು. ಕುದುರೆಯಿಂದ ಎಳೆಯುವ ಕೊಯ್ಯುವ ಯಂತ್ರವು ೧೮೨೫ರಲ್ಲಿ ಬಂದ ಮೇಲೆ, ಚಳಿಯಲ್ಲಿ ಕೆಲಸವಿಲ್ಲದ ರೈತರಿಗೂ ಕುದುರೆಗಳಿಗೂ ಇದರಿಂದ ಕೂಲಿ ದೊರೆಯಿತು. ಗರಗಸದ ಕಾರ್ಖಾನೆಗಳಲ್ಲಿ ಬಿಸುಡುತ್ತಿದ್ದ ಮರದ ಹೊಟ್ಟನ್ನು ಗೆಡ್ಡೆಗಳ ಸುತ್ತ ತುಂಬಿದರೆ ಅವು ಬೇಗ ಕರಗುತ್ತಿರಲಿಲ್ಲ. ೧೮೩೩ರಲ್ಲಿ ಟಸ್ಕನಿ ಎಂಬ ಹಡಗು ೧೮೦ ಟನ್ ಮಂಜುಗೆಡ್ಡೆಯನ್ನು ತುಂಬಿಕೊಂಡು ಬಾಸ್ಟನ್ನಿನಿಂದ ಹೊರಟು, ನಾಲ್ಕು ತಿಂಗಳ ತರುವಾಯ ಕಲ್ಕತ್ತೆಯನ್ನು ಮುಟ್ಟಿತು. ಸುಮಾರು ೧೦೦ ಟನ್ ಕರಗದೆ ಉಳಿದಿದ್ದಿತು. ಮದರಾಸಿನ ಕಡಲತೀರದಲ್ಲಿಯೂ ಇದಕ್ಕಾಗಿ ಒಂದು ಉಗ್ರಾಣವನ್ನು ಕಟ್ಟಿದರು. ೧೮೯೭ರಲ್ಲಿ ಸ್ವಾಮಿ ವಿವೇಕಾನಂದರು ಇಳಿದುಕೊಂಡಿದ್ದ ಆ ಕಟ್ಟಡವು ಈಗ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ಸಾರಾಂಶ

ಅನುಭವವೂ ಲೆಕ್ಕವೂ ಇದ್ದರೂ ವಿಪತ್ತು ಪೂರ್ಣವಾಗಿ ತಪ್ಪುವುದೆಂದು ಹೇಳುವಂತಿಲ್ಲ. ೧೮೧೫ನೆಯ ಏಪ್ರಿಲ್ಲಿನಲ್ಲಿ ಈಗಿನ ಇಂಡೊನೇಷಿಯಾದ ತಂಬೋರಾ ಎಂಬ ಜ್ವಾಲಾಮುಖಿಯು ಸಿಡಿದುದರ ಫಲವಾಗಿ, ೧೮೧೬ರ ಜೂನ್ ತಿಂಗಳಲ್ಲಿಯೇ ನ್ಯೂ ಇಂಗ್ಲೆಂಡಿನಲ್ಲಿ ಹಿಮವು ಬಿದ್ದು ಜೋಳವೂ ಹುಲ್ಲೂ ಕೆಟ್ಟವು. ಅನೇಕ ಸಂಸಾರಗಳು ಊರು ಬಿಟ್ಟು ಪಶ್ಚಿಮಕ್ಕೆ ಗುಳೆ ಹೋದವು. ಹಳೆಯ ಹುಲ್ಲೂ ಹಳೆಯ ಧಾನ್ಯವೂ ಉಳಿದಿದ್ದವರಿಗೆ ಮಾತ್ರ ನಿಲ್ಲುವುದಕ್ಕೆ ಅವಕಾಶವಿದ್ದಿತು.

ಆ ದೇಶದ ರೈತರು ಇನ್ನೂರು ವರ್ಷ ಕಷ್ಟಪಟ್ಟು ಕಲಿತ ಪಾಠಗಳನ್ನು ನಾಲ್ಕು ಮಾತುಗಳಲ್ಲಿ ಹೇಳಬಹುದು. ಕೊಟ್ಟಿಗೆಯಲ್ಲಿರುವ ತಲೆಗಳಿಗಲ್ಲ, ಬಣವೆಯಲ್ಲಿರುವ ಹುಲ್ಲಿಗೆ ಸರಿಯಾಗಿ ದನಗಳನ್ನು ಇಟ್ಟುಕೊಳ್ಳುವುದು. ಮೇವನ್ನೂ ಸೌದೆಯನ್ನೂ ಕಾಡು ಬಯಲುಗಳಿಂದ ಬಾಚಿ ತರುವುದರ ಜೊತೆಗೆ ಬೆಳೆದುಕೊಳ್ಳುವುದು. ಕಷ್ಟಕಾಲದ ಕೆಲಸಗಳನ್ನು ಊರೆಲ್ಲಾ ಸೇರಿ ಮಾಡುವುದು. ಕೊರತೆಯ ಕಾಲವು ಅರ್ಧ ಕಳೆದ ದಿನ ಉಗ್ರಾಣದ ಬಾಗಿಲನ್ನು ತೆಗೆದು, ಅರ್ಧವು ಉಳಿದಿದೆಯೇ ಎಂದು ನೋಡುವುದು. ಉಳಿದಿಲ್ಲವೆಂದು ಆ ದಿನವೇ ತಿಳಿದವನಿಗೆ ದನಗಳನ್ನು ಮಾರಲೂ ಮೇವನ್ನು ಕೊಳ್ಳಲೂ ಇನ್ನೂ ಕಾಲವಿರುತ್ತದೆ. ಬಣವೆಯ ಬುಡವನ್ನು ಕಂಡಮೇಲೆ ತಿಳಿದವನಿಗೆ ಇರುವುದಿಲ್ಲ.